ನಾಲ್ಕೂ ಹತ್ತು ಎಂಬ ಸುಳ್ಳು

ಮೊನ್ನೆ ಗುರುವಾರ ನಾನೊಂದು ಸುಳ್ಳು ಹೇಳಿದೆ. ಅದೂ ಟೈಮಿನ ವಿಷಯದಲ್ಲಿ.

ನನ್ನನ್ನು ಬಲ್ಲ ಓದುಗರು ಈಗ ಪತ್ರಿಕೆ ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿರಬಹುದು. ಒರೆಸಿಕೊಳ್ಳಿ. ಹೈಸ್ಕೂಲ್ ಹೆಡ್‌ಮಾಸ್ಟರಾಗಿ ರಿಟೈರಾದವನು ನಾನು. ಮೂವತ್ತನಾಲ್ಕು ವರ್ಷದ ಸರ್ವೀಸಿನಲ್ಲಿ ಪ್ರಾರ್ಥನೆಯ ಗಂಟೆ ಒಂದು ನಿಮಿಷ ಆಚೀಚೆ ಆಗಿದ್ದಿಲ್ಲ. ಈಗಲೂ ಐದಕ್ಕೆ ಏಳುತ್ತೇನೆ, ಐದೂವರೆಗೆ ವಾಕಿಂಗ್, ಏಳಕ್ಕೆ ಕಾಫಿ. (ಏಳೂ ಐದಾದರೆ ಆ ಕಾಫಿ ಬೇಡವೆನ್ನುತ್ತೇನೆ. ‘ಬೇಡವಾದರೆ ನಾನೇ ಕುಡೀತೀನಿ’ ಎಂದು ನನ್ನ ಹೆಂಡತಿ ಎದುರಿಗೇ ಕೂತು ಕುಡಿಯುತ್ತಾಳೆ. ಅದು ಬೇರೆ ಕತೆ.)

ಇಂಥವನು ಸುಳ್ಳು ಹೇಳಿದ್ದು ಹೇಗೆ? ಅದಕ್ಕೆ ಕಾರಣ ಒಂದು ತೆಂಗಿನಕಾಯಿ.

ತಿಪಟೂರಿನಲ್ಲಿ ಹೊಂಗೆ ಚಿಗುರಿತೆಂದರೆ ಕಾಲೇಜಿನ ಹುಡುಗರಿಗೆ ಎರಡು ಜ್ವರ ಬರುತ್ತವೆ. ಒಂದು ಪರೀಕ್ಷೆಯದು, ಇನ್ನೊಂದು ವಾರ್ಷಿಕೋತ್ಸವದ್ದು. ಮೊದಲನೆಯದು ಮಾತ್ರೆಗೆ ಇಳಿಯುತ್ತದೆ. ಎರಡನೆಯದಕ್ಕೆ ಭಾವಗೀತೆ, ರಂಗೋಲಿ, ಫ್ಯಾನ್ಸಿ ಡ್ರೆಸ್ಸು, ಕೊನೆಗೆ ಏಕಾಂಕ ನಾಟಕದ ಸ್ಪರ್ಧೆ ಎಲ್ಲ ಆಗಬೇಕು. ನೆಲ ಗುಡಿಸುವ ಬೆಲ್‌ಬಾಟಮ್ ತೊಟ್ಟ ಹುಡುಗರು ಎರಡು ವಾರ ಊರಿನ ಮನೆಮನೆಗೆ ಹೋಗಿ ಹಳೇ ಪಂಚೆ, ಊರುಗೋಲು, ಕಂಚಿನ ಚೊಂಬು ಕೇಳಿಕೊಂಡು ಬರುತ್ತಾರೆ. ಚೊಂಬು ವಾಪಸ್ಸು ಬರುವುದು ಮುಂದಿನ ವರ್ಷ.

ಈ ಸಲ ನಾಟಕ ಸ್ಪರ್ಧೆಗೆ ನನ್ನನ್ನು ಟೈಂ ಕೀಪರ್ ಮಾಡಿದರು. ‘ನಿಮ್ಮಂಥವರೇ ಬೇಕು ಸಾರ್’ ಎಂದರು ಪ್ರಿನ್ಸಿಪಾಲರು. ಅವರು ಧಾರವಾಡದ ಕಡೆಯವರು, ಬಂದು ಇನ್ನೂ ಒಂದು ವರ್ಷವಾಗಿಲ್ಲ. ಮೂರು ನಾಟಕ, ಒಂದೊಂದಕ್ಕೆ ಮೂವತ್ತು ನಿಮಿಷ, ನಡುವೆ ಹತ್ತು ಹತ್ತು ನಿಮಿಷ. ಎರಡಕ್ಕೆ ಉದ್ಘಾಟನೆ, ಎರಡೂ ಇಪ್ಪತ್ತಕ್ಕೆ ಮೊದಲ ನಾಟಕ, ನಾಲ್ಕೂ ಹತ್ತಕ್ಕೆ ಎಲ್ಲ ಮುಗಿಯಬೇಕು. ಎರಡು ಬಣ್ಣದ ಇಂಕಿನಲ್ಲಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೆ.

ಮುಖ್ಯ ಅತಿಥಿ ಗುರುಸಿದ್ದಪ್ಪನವರು, ಊರಿನ ದೊಡ್ಡ ಕೊಬ್ಬರಿ ವರ್ತಕರು. ಎರಡಕ್ಕೆ ಸರಿಯಾಗಿ ಬಂದರು. ನನಗೆ ಸಂತೋಷವಾಯಿತು. ದೀಪ ಹಚ್ಚಿದರು. ರಂಗಕ್ಕೆ ಒಡೆಯಲು ಕಾಯಿ ಕೈಗೆ ಕೊಟ್ಟರು. ಅವರು ಕಾಯಿ ಎತ್ತಿದರು. ಎತ್ತಿದ ಕೈ ಹಾಗೇ ನಿಂತಿತು. ಮೆಲ್ಲಗೆ ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು.

ಲೊಟಲೊಟ, ಲೊಟಲೊಟ.

ಮೈಕು ಪಕ್ಕದಲ್ಲೇ ಇತ್ತು. ಸದ್ದು ಸಭಾಂಗಣಕ್ಕೆಲ್ಲ ಕೇಳಿತು. ಕೂತಿದ್ದವರೆಲ್ಲ ತೆಂಗಿನ ತೋಟದ ಮನೆಯ ಮಕ್ಕಳು. ಅವರಿಗೆ ಆ ಸದ್ದಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಹೋ ಎಂದು ನಕ್ಕರು. ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿ, ನೀರೆಲ್ಲ ಇಂಗಿ, ಒಳಗೆ ಉಂಡೆ ಕೊಬ್ಬರಿಯಾಗಿ ಚಿಪ್ಪು ಬಿಟ್ಟ ಕಾಯಿ ಅದು. ಮಾರುವ ಕಾಯಿ. ದೇವರಿಗೆ ಒಡೆಯುವ ಕಾಯಿ ಅಲ್ಲ.

ನಮ್ಮ ಪ್ರಿನ್ಸಿಪಾಲರಿಗೆ ಮಾತ್ರ ಏನೂ ತಿಳಿಯದೆ ಚಪ್ಪಾಳೆ ತಟ್ಟಿದರು.

ಬೇರೆ ಊರಿನ ಅತಿಥಿಯಾಗಿದ್ದರೆ ಅದನ್ನು ಬದಿಗಿಟ್ಟು ಬೇರೆ ಕಾಯಿ ಕೇಳುತ್ತಿದ್ದರು. ಗುರುಸಿದ್ದಪ್ಪನವರ ಕೈ ಕೇಳಬೇಕಲ್ಲ! ಜೇಬಿನಿಂದ ಬೀಗದ ಕೈ ತೆಗೆದು, ಚಿಪ್ಪಿನ ಸುತ್ತ ಟಕಟಕ ಕುಟ್ಟಿ, ಎರಡು ಹೋಳು ಬಿಡಿಸಿ, ಒಳಗಿನ ಉಂಡೆಯನ್ನು ಒಂದು ಗೀರೂ ಬೀಳದಂತೆ ಹೊರಗೆ ತೆಗೆದರು. ಬೆಳಕಿಗೆ ಹಿಡಿದರು. ಮೂಸಿದರು.

‘ಯಾರ್ ಮನೇದು ಈ ಮಾಲು?’ ಎಂದು ಮೈಕಿನಲ್ಲೇ ಕೇಳಿದರು.

ಪರದೆಯ ಹಿಂದಿನಿಂದ ಒಂದು ಹುಡುಗಿ ಬಂದು ನಿಂತಳು. ಗಿರಿಜಾ, ಹಾಲ್ಕುರಿಕೆಯವಳು, ಸೆಕೆಂಡ್ ಬಿ.ಎ. ಮೂರನೆಯ ನಾಟಕದಲ್ಲಿ ಮುಖ್ಯ ಪಾತ್ರ. ತಲೆಗೆ ಆಗಲೇ ಪೌಡರು ಬಳಿದು ಮುದುಕಿಯಾಗಿದ್ದಳು.

‘ನಮ್ಮನೇದು ಸಾರ್. ಬೆಳಿಗ್ಗೆ ಡೈಲಾಗ್ ಹೇಳ್ಕೊಂಡು ಬತ್ತಿದ್ದೆ. ಸುಲಿದಿಟ್ಟಿದ್ದ ರಾಶೀಲಿ ಕೈಗೆ ಸಿಕ್ಕಿದ್ದು ತಂದ್ಬುಟ್ಟೆ.’

‘ತಂದಿದ್ದು ತಪ್ಪು ಕಣವ್ವ. ಮಾಲು ಮಾತ್ರ ಫಸ್ಟ್ ಕ್ಲಾಸು!’

ನೀರಿಲ್ಲದ ಕಾಯಿಯಲ್ಲಿ ನಾಟಕ ಶುರು ಮಾಡುವುದು ಶುಭವೇ ಎಂದು ಕನ್ನಡ ಲೆಕ್ಚರರಿಗೆ ಅನುಮಾನ ಬಂತು. ಅನುಮಾನ ಕಮಿಟಿಗೆ ಹೋಯಿತು. ಜವಾನ ಸೈಕಲ್ ಹತ್ತಿ ಹೊರಟ. ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗಿನ ಮರ, ನಮ್ಮ ಜವಾನ ಒಂದು ಹಸಿ ಕಾಯಿ ತರಲು ತೆಗೆದುಕೊಂಡದ್ದು ಇಪ್ಪತ್ತೈದು ನಿಮಿಷ! ಆ ಕಾಯಿ ಒಡೆದ ಮೇಲೆ ಗುರುಸಿದ್ದಪ್ಪನವರು ಉದ್ಘಾಟನಾ ಭಾಷಣ ಮಾಡಿದರು. ಕಲೆಯ ಬಗ್ಗೆ ಐದು ನಿಮಿಷ, ಕಾಯಿ ಒಣಗಲು ಅಟ್ಟದ ಕೆಳಗೆ ಹೊಗೆ ಹೇಗೆ ಹಾಕಬೇಕು ಎಂಬ ಬಗ್ಗೆ ನಲವತ್ತು ನಿಮಿಷ. ಉಂಡೆ ಅವರ ಅಂಗೈಯಲ್ಲೇ ಇತ್ತು.

ನನ್ನ ಮುಂದೆ ಗಂಟೆ ಇತ್ತು. ಬಾರಿಸಬಹುದಿತ್ತು. ಬಾರಿಸಲಿಲ್ಲ. (ಹುಡುಗರಿಗೆ ಬಾರಿಸಿ ಅಭ್ಯಾಸವಾದ ಕೈ, ಮುಖ್ಯ ಅತಿಥಿಗಳ ಎದುರು ಮರಗಟ್ಟುತ್ತದೆ. ನಿಮ್ಮ ಕೈಯೂ ಹಾಗೇ ಅಲ್ಲವೇ?)

ಅಂತೂ ಎಪ್ಪತ್ತು ನಿಮಿಷ ತಡ. ಗಿರಿಜಳ ನಾಟಕ ಮೂರೂ ನಲವತ್ತರಿಂದ ನಾಲ್ಕೂ ಐವತ್ತಕ್ಕೆ ಹೋಯಿತು. ಗೋಡೆಯ ಮೇಲಿನ ನನ್ನ ಪಟ್ಟಿಯ ಕಡೆ ನಾನೇ ನೋಡಲಿಲ್ಲ.

ನಾಲ್ಕೂವರೆ ಸುಮಾರಿಗೆ, ಎರಡನೆಯ ನಾಟಕ ನಡೆಯುತ್ತಿದ್ದಾಗ, ತುಂಬುತೋಳಿನ ಶರಟು, ಕಂಕುಳಲ್ಲಿ ಛತ್ರಿ, ಹೀಗೊಬ್ಬ ಯಜಮಾನ ನನ್ನ ಮೇಜಿನ ಪಕ್ಕದ ಬೆಂಚಿನ ತುದಿಯಲ್ಲಿ ಕೂತ. ‘ನಾನು ಮರುಳಪ್ಪ, ಗಿರಿಜಳ ಅಪ್ಪ ಸ್ವಾಮಿ’ ಎಂದ. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ. ನಾಟಕ ಮುಗಿದಿರುತ್ತದೆಂದು ಅವನ ಲೆಕ್ಕ. ಇನ್ನೂ ಶುರುವೇ ಆಗಿಲ್ಲ ಎಂದೆ.

‘ಅಯ್ಯೋ, ಐದೂ ಕಾಲಿನ ಬಸ್ಸಿಗೆ ಹೋಗ್ಲೇಬೇಕಲ್ಲ ಮೇಷ್ಟ್ರೇ. ದೀಪ ಹಚ್ಚೋ ಹೊತ್ಗೆ ಹುಡುಗಿ ಮನೇಲಿರ್ಬೇಕು ಅಂತ ನಮ್ಮವ್ವ ಕಟ್ಟುಮಾಡಿ ಕಳ್ಸವ್ಳೆ. ತಪ್ಪಿದ್ರೆ ನಾಳೆಯಿಂದ ಕಾಲೇಜೂ ಬ್ಯಾಡ, ನಾಟಕಾನೂ ಬ್ಯಾಡ ಅಂತಾಳೆ.’

‘ಮುಂದಿನ ಬಸ್ಸು?’

‘ಆರೂವರೆಗೆ. ಅದು ಊರು ಸೇರೋದ್ರೊಳ್ಗೆ ಕತ್ಲಾಗೋಯ್ತದೆ.’

ಪರದೆ ಅಲುಗಿತು. ಸಂದಿನಲ್ಲಿ ಒಂದು ಕಣ್ಣು, ಒಂದಿಷ್ಟು ಬಿಳಿ ಕೂದಲು. ಹುಡುಗಿ ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಎರಡು ತಿಂಗಳಿಂದ ಆಕೆ ಆ ನಾಟಕಕ್ಕೆ ಬೆವರು ಸುರಿಸಿದ್ದು ಕಾಲೇಜಿಗೆಲ್ಲ ಗೊತ್ತು. ಈ ಕಾಲೇಜಿನ ನಾಟಕದಲ್ಲಿ ಹೆಣ್ಣಿನ ಪಾತ್ರವನ್ನು ಹುಡುಗಿಯೇ ಮಾಡುತ್ತಿರುವುದು ಇದೇ ಮೊದಲು. ಹೋದ ವರ್ಷದವರೆಗೆ ಮೀಸೆ ಬೋಳಿಸಿದ ಹುಡುಗರೇ ಸೀರೆ ಉಡುತ್ತಿದ್ದರು.

ರಂಗದ ದೀಪಗಳ ಅನುಕೂಲಕ್ಕೆ ಕಿಟಕಿಗಳಿಗೆಲ್ಲ ಕರಿ ಬಟ್ಟೆ ಹೊಡೆದಿದ್ದರು. ಹೊರಗೆ ಹೊತ್ತೆಷ್ಟು ಇಳಿದಿದೆ ಎಂದು ಯಾರಿಗೂ ಕಾಣುವಂತಿರಲಿಲ್ಲ. ಎರಡನೆಯ ನಾಟಕ ಮುಗಿಯಿತು. ಮರುಳಪ್ಪ ನನ್ನ ಕಡೆ ಬಾಗಿದ.

‘ಟೈಮೆಷ್ಟಾತು ಸ್ವಾಮಿ?’

ನನ್ನ ಟೈಂಪೀಸಿನಲ್ಲಿ ನಾಲ್ಕೂ ನಲವತ್ತೈದು. ಮೆಲ್ಲಗೆ ಅದರ ಮುಖವನ್ನು ನನ್ನ ಕಡೆ ತಿರುಗಿಸಿಕೊಂಡೆ. ಕರವಸ್ತ್ರವನ್ನೂ ಹೊದಿಸಿದೆ.

‘ನಾಲ್ಕೂ ಹತ್ತು’ ಎಂದೆ.

ಹತ್ತನೇ ಕ್ಲಾಸಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ಮುಖ ಒಂದೊಂದಾಗಿ ನೆನಪಿಗೆ ಬಂತು. ಮರುಳಪ್ಪ ಮಾತ್ರ ಆರಾಮಾಗಿ, ‘ಹಂಗಾದ್ರೆ ಇನ್ನೂ ಹೊತ್ತೈತೆ ಬುಡಿ’ ಎಂದು ಛತ್ರಿಯನ್ನು ಬೆಂಚಿನ ಕೆಳಗಿಟ್ಟು ಕಾಲು ಮಡಚಿ ಕೂತ.

ನಾಟಕ ಶುರುವಾಯಿತು. ಮನೆಯನ್ನೆಲ್ಲ ಗದರಿಸಿ ಆಳುವ ಒಬ್ಬ ಅಜ್ಜಿಯ ಕತೆ. ಗಿರಿಜಾ ಬಂದಳು. ಸೊಂಟಕ್ಕೆ ಎಲೆಯಡಿಕೆ ಚೀಲ ಸಿಕ್ಕಿಸಿ, ಎಡಗಾಲನ್ನು ಸ್ವಲ್ಪ ಎಳೆದು ಹಾಕುತ್ತಾ, ಮಾತಿಗೊಮ್ಮೆ ‘ಬುಡು ಬುಡು, ನಿಂಗೇನ್ ಗೊತ್ತು’ ಎನ್ನುತ್ತಾ. ಮೊದಲ ಮಾತಿಗೇ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಪಕ್ಕದಲ್ಲಿ ಬೆಂಚು ಅಲುಗಿತು. ನೋಡಿದೆ. ಮರುಳಪ್ಪ ಟವೆಲನ್ನು ಬಾಯಿಗೆ ತುರುಕಿಕೊಂಡಿದ್ದ. ಕಣ್ಣಲ್ಲಿ ನೀರು.

‘ಏನಾಯ್ತು?’

‘ನಮ್ಮವ್ವ ಕಣ್ರೀ ಅದು! ಆ ಚೀಲ, ಆ ನಡಿಗೆ! ನಮ್ಮವ್ವನ್ನೇ ತಂದು ನಿಲ್ಸವ್ಳಲ್ಲ ಮುಂಡೇದು!’

ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ. ಅಜ್ಜಿ ಮಗನನ್ನು ಬೈಯುವ ಜಾಗದಲ್ಲಂತೂ ‘ಹೂಂ, ಹಿಂಗೇ, ಹಿಂಗೇ ಬೈತಾಳೆ!’ ಎಂದು ನನ್ನ ತೊಡೆಗೇ ಹೊಡೆದ. ಐವತ್ತರ ಗಂಡಸು ತನ್ನ ತಾಯಿಯನ್ನು ನೆನೆದು ಮನಸಾರೆ ನಗಲು ಕತ್ತಲೆಯ ಸಭಾಂಗಣವೇ ಬೇಕಾಯಿತೇ? ನಮ್ಮ ಎಷ್ಟು ಮನೆಗಳಲ್ಲಿ ಇಂಥ ನಗು ಗಂಟಲಲ್ಲೇ ಕೊಳೆಯುತ್ತಿದೆಯೋ!

ಇಪ್ಪತ್ತೈದನೇ ನಿಮಿಷದ ಎಚ್ಚರಿಕೆ ಗಂಟೆ ಬಾರಿಸುವುದನ್ನು ನಾನು ಮರೆತೆ. ಒಂದೇ ದಿನ ಎರಡು ಅಪರಾಧ. ನಾಟಕ ಮೂವತ್ತನಾಲ್ಕು ನಿಮಿಷ ನಡೆಯಿತು. ರಿಜಿಸ್ಟರಿನಲ್ಲಿ ‘ನಾಲ್ಕು ನಿಮಿಷ ಹೆಚ್ಚು’ ಎಂದು ಬರೆದೆ. ಸುಳ್ಳು ಹೇಳಿದ್ದು ಬಾಯಿ. ಕೈ ಇನ್ನೂ ಕೆಟ್ಟಿಲ್ಲ. ಹಾಗಾಗಿ ಅವರಿಗೆ ಸೆಕೆಂಡ್ ಪ್ರೈಜು. ಗಿರಿಜಾ ನನ್ನನ್ನು ನೋಡಿದ ನೋಟ ಇಲ್ಲಿ ಬರೆಯುವಂಥದ್ದಲ್ಲ.

ಬಸ್ ಸ್ಟ್ಯಾಂಡಿಗೆ ನಾನೂ ಜೊತೆಗೆ ಹೋದೆ. ತಪ್ಪು ಮಾಡಿದವನು ಹೋಗಬೇಡವೇ? ಐದೂ ಕಾಲಿನ ಬಸ್ಸು ಹೊರಟು ಯಾವ ಕಾಲವಾಗಿತ್ತೋ. ಗಿರಿಜಾ ಮುಖದ ಪೌಡರು ತೊಳೆಯಲು ನಲ್ಲಿಯ ಕಡೆ ಹೋದಾಗ, ನಾನು ಒಪ್ಪಿಕೊಂಡೆ.

‘ಮರುಳಪ್ಪ, ಬಸ್ಸು ತಪ್ಪಿದ್ದು ನನ್ನಿಂದ. ನೀವು ಕೇಳಿದಾಗ ನಾಲ್ಕೂ ಮುಕ್ಕಾಲಾಗಿತ್ತು. ನಾನು ಬೇಕೆಂದೇ ನಾಲ್ಕೂ ಹತ್ತು ಎಂದೆ.’

ಅವನು ನಗಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಆ ಕಡೆ ಈ ಕಡೆ ನೋಡಿ, ಎಡಗೈಯ ತುಂಬುತೋಳನ್ನು ಮೇಲಕ್ಕೆ ಸರಿಸಿದ. ಮಣಿಕಟ್ಟಿನ ಮೇಲೆ ಹೊಳೆಯುವ ವಾಚು. ಆರಕ್ಕೆ ಏಳು ನಿಮಿಷ ಕಮ್ಮಿ. ಬಸ್ ಸ್ಟ್ಯಾಂಡಿನ ಗಡಿಯಾರಕ್ಕೆ ಸರಿಯಾಗಿ.

‘ನಮ್ ಮಾವ ಮದ್ವೇಲಿ ಕೊಟ್ಟಿದ್ದು. ದಿನಾ ಬೆಳಿಗ್ಗೆ ಕೀ ಕೊಡ್ತೀನಿ’ ಎಂದ.

‘ಮತ್ತೆ ನನ್ನನ್ನು ಯಾಕ್ರೀ ಕೇಳಿದಿರಿ?’

‘ನಾನೇ ನೋಡ್ಕೊಂಡಿದ್ರೆ ಎದ್ದು ಹೋಗ್ಬೇಕಾಗ್ತಿತ್ತಲ್ಲ ಮೇಷ್ಟ್ರೇ. ನಮ್ಮವ್ವನ ಮುಂದೆ ಸುಳ್ಳು ಹೇಳಕ್ಕೆ ನಂಗೆ ಬರಾಕಿಲ್ಲ. ಹೆಡ್‌ಮಾಸ್ಟರೇ ಹೇಳಿದ್ರು ಅಂದ್ರೆ ಅದು ನಿಜಾನೇ ಆಯ್ತದಲ್ಲ?’

ಈಗ ಕನ್ನಡಕ ಒರೆಸಿಕೊಳ್ಳುವ ಸರದಿ ನನ್ನದಾಯಿತು.

ನಿನ್ನೆ ಮರುಳಪ್ಪ ಪೇಟೆಗೆ ಬಂದವನು ಮನೆ ಬಾಗಿಲಿಗೂ ಬಂದ. ಗಿರಿಜಾ ಕಾಲೇಜಿಗೆ ಬರುತ್ತಿದ್ದಾಳಂತೆ. ಮುಂದಿನ ವರ್ಷವೂ ನಾಟಕ ಮಾಡಬಹುದು ಎಂದು ಅಜ್ಜಿಯ ಅಪ್ಪಣೆಯೂ ಆಗಿದೆಯಂತೆ. (ಈ ಸಲದ ಪಾತ್ರ ಯಾರದು ಎಂದು ಅಜ್ಜಿ ಕೇಳಿಲ್ಲ. ಇವರೂ ಹೇಳಿಲ್ಲ.)

‘ತಡವಾಗಿದ್ದಕ್ಕೆ ಏನಂದ್ರು ನಿಮ್ಮ ತಾಯಿ?’ ಎಂದೆ.

ಮರುಳಪ್ಪ ಛತ್ರಿಯ ತುದಿ ನೋಡಿಕೊಂಡ. ‘ನಿಮ್ ಮ್ಯಾಲೇ ಹಾಕ್ದೆ. ಗಡಿಯಾರ ನೋಡಕ್ಕೆ ಬರ್ದೇ ಇರೋನ್ನೆಲ್ಲ ಹೆಡ್‌ಮಾಸ್ಟರ್ ಮಾಡವ್ರಲ್ಲ, ಇಂಥೋರ ಕೈಲಿ ಕಲ್ತ ಮಕ್ಳು ಇನ್ನೆಂಗಿರ್ತವೆ ಅಂದ್ಳು. ಊರಾಗೆಲ್ಲ ಹೇಳ್ಕೊಂಡು ಬಂದವ್ಳೆ.’

ಒಳಗಿನಿಂದ ನನ್ನ ಹೆಂಡತಿ ನಕ್ಕದ್ದು ಕೇಳಿಸಿತು.

ಈಗ ನೀವೇ ಹೇಳಿ: ಹಾಲ್ಕುರಿಕೆಗೆ ಹೋಗಿ ಮಾನ ಉಳಿಸಿಕೊಳ್ಳಲೇ, ಅಥವಾ ಬಾಯಿ ಮುಚ್ಚಿಕೊಂಡು ಮುಂದಿನ ವರ್ಷದ ನಾಟಕ ನೋಡಲೇ?