ಸೀಸೆ ಸಾಹುಕಾರನಿಗೆ ನೀರೆರೆದ ಅಕ್ಕ

ಬೆಳಕು ಹರಿಯುವ ಮುನ್ನವೇ ಹಂಡೆಯಲ್ಲಿ ನೀರು ಕಾದಿದೆ. ಚರ್ಚಿನವರು ನಡೆಸುವ ಕುಡಿತ ಬಿಡಿಸುವ ಕೇಂದ್ರದ ಹಿಂಬದಿಯ ಬಚ್ಚಲು. ಕಲ್ಲಿನ ಮೇಲೆ ಕೂತ ಗಂಡಸೊಬ್ಬ ಗಡಗಡ ನಡುಗುತ್ತಿದ್ದಾನೆ. ರಾತ್ರಿ ಮನೆಯವರು ತಂದು ಬಿಟ್ಟು, ಹಿಂತಿರುಗಿ ನೋಡದೆ ಹೋದರಂತೆ. ಅಂಗಿಯ ತುಂಬ ವಾಂತಿ ಒಣಗಿ ಹೆಪ್ಪುಗಟ್ಟಿದೆ. ರವಿಕೆಯ ತೋಳು ಮೇಲಕ್ಕೆ ಮಡಚಿದ ಹೆಂಗಸೊಬ್ಬರು ಮೊಣಕೈ ಅದ್ದಿ ಬಿಸಿ ನೋಡಿ, ಮೊದಲ ಚೊಂಬು ನೀರನ್ನು ಅವನ ಪಾದಕ್ಕೆ ಹುಯ್ಯುತ್ತಾರೆ.

"ಮೊದಲೇ ತಲೆಗೆ ಹುಯ್ದರೆ ಹೆದರಿಬಿಡ್ತಾರೆ. ಮೈಮೇಲೆ ಹುಳ ಹರೀತಿದೆ ಅಂತ ಕಿರುಚ್ತಾರೆ. ಕಾಲಿಂದ ಶುರು ಮಾಡಿದ್ರೆ ಸುಮ್ಮನಿರ್ತಾರೆ."

ಡಾಕ್ಟರ ಹೆಸರು ಬಾಗಿಲ ಮೇಲಿದೆ, ದಾನಿಗಳ ಹೆಸರು ಗೋಡೆಯ ಕಲ್ಲಿನಲ್ಲಿದೆ. ಇವರಿಗೆ ಇಲ್ಲಿ ಇರುವುದು ಒಂದೇ ಹೆಸರು, ಸ್ನಾನದಕ್ಕ. ದಿನಕ್ಕೆ ಎಂಟು ಹತ್ತು ಮೈ ತೊಳೆಯುತ್ತಾರೆ. ಬೈಗುಳ ತಿನ್ನುತ್ತಾರೆ, ಒಮ್ಮೊಮ್ಮೆ ಏಟನ್ನೂ. ಎಡಗೈಯ ಕಿರುಬೆರಳು ಸೊಟ್ಟಗಾಗಿರುವುದು ಅಂಥವನೊಬ್ಬ ತಿರುಚಿದ್ದರಿಂದ. "ಅವನೀಗ ಬಸ್ ಓಡಿಸ್ತಾನೆ. ನನ್ನ ಟಿಕೆಟ್ ದುಡ್ಡು ಅವನೇ ಕೊಡ್ತಾನೆ. ಬೆರಳಿನ ಬಾಡಿಗೆ ಅನ್ಕೊಂಡು ಸುಮ್ಮನಿದೀನಿ," ಎಂದು ನಗುತ್ತಾರೆ.

ಅಕ್ಕನೂ ಒಂದು ಕಾಲಕ್ಕೆ ಇದೇ ಕಲ್ಲಿನ ಮೇಲೆ ನಡುಗುತ್ತ ಕೂತವರು. ಗಂಡ ಬಿಟ್ಟುಹೋದ ಮೇಲೆ ಅಂಟಿದ ಚಟ. ಅಪ್ಪ ಅಮ್ಮ ಇಲ್ಲದ ತಮ್ಮನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಅವರೇ. ಸೀಸೆ ತರಲು ಕಳಿಸುತ್ತಿದ್ದುದೂ ಅವನನ್ನೇ. ಒಂದು ಸಂಜೆ ಅವನು ತರುವಷ್ಟರಲ್ಲಿ ಅಕ್ಕ ಮನೆಯಲ್ಲಿ ಉಳಿದಿದ್ದನ್ನೇ ಕುಡಿದು ಮೈಮರೆತು ಬಿದ್ದಿದ್ದರು. ಎಬ್ಬಿಸಿದ, ಏಳಲಿಲ್ಲ. ತಂದದ್ದನ್ನು ತಾನೇ ಕುಡಿದ. ಬೆಳಗ್ಗೆ ಎದ್ದವನು, "ಅಕ್ಕಾ, ಇನ್ನೂ ದೀಪ ಹಚ್ಚಿಲ್ವಾ?" ಅಂದ. ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು.

ಆ ಕಲಬೆರಕೆ ಮದ್ಯ ಕೇರಿಯಲ್ಲಿ ಹಲವರ ಜೀವ ತೆಗೆಯಿತು. ತಮ್ಮನ ಎರಡೂ ಕಣ್ಣು ಹೋದವು. ಮಾರಿದವನನ್ನು ಜನ ಸೀಸೆ ಸಾಹುಕಾರ ಅನ್ನುತ್ತಿದ್ದರು. ಸಾಕ್ಷಿ ಹೇಳುವವರಿಲ್ಲದೆ ಅವನು ಬಿಡುಗಡೆಯಾದ.

ಅಕ್ಕ ಮೊದಲಿಗಿಂತ ಹೆಚ್ಚು ಕುಡಿದರು. ಚರಂಡಿಯ ಪಕ್ಕ ಬಿದ್ದಿದ್ದ ಅವರನ್ನು ಇಲ್ಲಿಗೆ ಎತ್ತಿ ತಂದವರು ಚರ್ಚಿನ ಪಾಸ್ಟರ್. ಅಕ್ಕ ಎರಡು ಸಲ ಕುಡಿತ ಬಿಟ್ಟು ಮತ್ತೆ ಜಾರಿದರು, ಮೂರನೆಯ ಸಲ ನಿಂತರು. ಪ್ರಾರ್ಥನೆಯಲ್ಲಿ ತಮ್ಮ ತಪ್ಪನ್ನೆಲ್ಲ ಯೇಸುವಿನ ಮುಂದೆ ಹೇಳಿಕೊಂಡರು. "ಕುಡಿತ ಬಿಟ್ಟಿತು, ಸಾಹುಕಾರನ ಮೇಲಿನ ಸಿಟ್ಟು ಬಿಡಲಿಲ್ಲ. ಅದನ್ನ ಬಿಟ್ರೆ ತಪ್ಪೆಲ್ಲ ನನ್ನ ತಲೆ ಮೇಲೇ ಬೀಳತ್ತಲ್ಲ ಅಂತ ಭಯ."

ಕಳೆದ ವರ್ಷ ಅದೇ ಸಾಹುಕಾರನನ್ನು ತಳ್ಳುಗಾಡಿಯಲ್ಲಿ ತಂದರು. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ತನ್ನ ಸರಕಿಗೆ ತಾನೇ ಗಿರಾಕಿಯಾಗಿದ್ದ ಮುದುಕ. ಗುರುತು ಹಿಡಿದ ಅಕ್ಕ ಚೊಂಬು ಕೆಳಗಿಟ್ಟರು. "ಇವನನ್ನ ಮುಟ್ಟೋಕೆ ನನ್ನ ಕೈಲಿ ಆಗಲ್ಲ," ಎಂದರು. ಪಾಸ್ಟರ್ ಉಪದೇಶ ಮಾಡಲಿಲ್ಲ. "ಆಗದಿದ್ರೆ ಬೇಡಮ್ಮ, ನಾನೇ ತೊಳೀತೀನಿ," ಎಂದು ಚೊಂಬು ತೆಗೆದುಕೊಂಡು ನೇರ ತಲೆಗೇ ಹುಯ್ದರು. ಮುದುಕ ಚೀರಿದ.

"ಕೆಲಸ ಬಾರದವರ ಕೈಗೆ ಸಿಕ್ಕಿ ಒದ್ದಾಡ್ತಿದ್ದ. ಚೊಂಬು ಕಿತ್ಕೊಂಡೆ. ಇನ್ನೇನು ಮಾಡ್ಲಿ?"

ಕೆಲವು ದಿನಗಳ ಮೇಲೆ ಬೆನ್ನು ಉಜ್ಜುತ್ತ ತಮ್ಮನ ಕಥೆ ಹೇಳಿದರು. ಮುದುಕ ಎಲ್ಲ ಕೇಳಿ, "ಯಾವ ಹುಡುಗ? ಬಹಳ ಜನ ಬರ್ತಿದ್ರು," ಅಂದ.

ಅಕ್ಕನ ಕೈ ನಿಂತುಹೋಯಿತು. "ಅವನು ಕ್ಷಮೆ ಕೇಳ್ತಾನೆ, ಆಗ ನೋಡೋಣ ಅಂತ ಇಷ್ಟು ವರ್ಷ ಕಾದಿದ್ದೆ. ಅವನಿಗೆ ನೆನಪೇ ಇಲ್ಲ. ಆ ತಪ್ಪಿನಲ್ಲಿ ಇಬ್ಬರ ಪಾಲನ್ನೂ ನಾನೊಬ್ಬಳೇ ಹೊತ್ಕೊಂಡು ತಿರುಗಿದ್ದೆ. ಸ್ವಾಮಿ, ಇವನನ್ನೂ ನೀನೇ ನೋಡ್ಕೋ, ನನ್ನನ್ನೂ ನೀನೇ ನೋಡ್ಕೋ ಅಂದೆ. ಮಿಕ್ಕ ಬೆನ್ನು ಉಜ್ಜಿ ಮುಗಿಸಿದೆ." ತಿಂಗಳು ಕಳೆಯುವುದರೊಳಗೆ ಮುದುಕ ಸತ್ತ. ಹೆಣ ತೊಳೆದವರೂ ಅಕ್ಕನೇ, ಕೇಳಿಕೊಂಡು ಯಾರೂ ಬರಲಿಲ್ಲ.

ಮನೆಯೆಂದರೆ ಒಂದೇ ಕೋಣೆ. ತಮ್ಮ ಬೆತ್ತದ ಕುರ್ಚಿ ಹೆಣೆಯುತ್ತಾನೆ. ಅಂದು ಅಕ್ಕ ಸಾಹುಕಾರನ ಹೆಣ ತೊಳೆದು ಬಂದ ಸುದ್ದಿ ಕೇಳಿ, "ನಿನ್ನ ದೇವರು ನಿನಗೆ, ನನ್ನ ಕಣ್ಣು ನನಗೆ. ನಾನು ಅವನನ್ನ ಕ್ಷಮಿಸಲ್ಲ," ಅಂದನಂತೆ.

"ಮತ್ತೆ ನನ್ನನ್ನ?"

ಅವನು ಬೆತ್ತದ ಎಳೆಯೊಂದನ್ನು ಹೆಣಿಗೆಗೆ ಸಿಕ್ಕಿಸಿ ಬಿಗಿದ. "ಗೊತ್ತಿಲ್ಲಕ್ಕಾ," ಅಂದ. ಆಮೇಲೆ, "ಊಟಕ್ಕಿಡು," ಅಂದ.

ಅಕ್ಕನಿಗೆ ಇದರ ಬಗ್ಗೆ ದೂರಿಲ್ಲ. "ಅವನ ಕ್ಷಮೆ ಅವನ ಸ್ವತ್ತು. ಕೊಡು ಅಂತ ಕೈಯೊಡ್ಡಿ ಪೀಡಿಸೋದನ್ನ ಬಿಟ್ಟಿದೀನಿ. ಅವನನ್ನ ನೋಡ್ಕೊಳ್ಳೋಕೆ ಅವನಿಗಿಂತ ಒಂದು ದಿನ ಜಾಸ್ತಿ ಬದುಕಿದ್ರೆ ಸಾಕು." ಒದ್ದೆ ಕೈ ಒರೆಸಿಕೊಳ್ಳುತ್ತಾರೆ. "ಒಂದೊಂದ್ಸಲ ವಾರಗಟ್ಟಲೆ ನನ್ನ ಹತ್ರ ಮಾತು ಬಿಡ್ತಾನೆ. ಆಗಲೂ ರಸ್ತೆ ದಾಟೋಕೆ ನನ್ನ ಕೈಯನ್ನೇ ಹುಡುಕ್ತಾನೆ. ಬೇರೆ ಯಾರ ಕೈಯನ್ನೂ ಹಿಡಿಯಲ್ಲ."