ಅವ್ವಣ್ಣನ ಎರಡನೇ ಪತ್ರಿಕೆ

ಅವ್ವಣ್ಣ ತೀರಿಕೊಂಡದ್ದು ನನಗೆ ತಿಳಿದದ್ದು ಹನ್ನೊಂದನೆಯ ದಿನ. ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಇಪ್ಪತ್ತು ನಿಮಿಷದ ದಾರಿ.

ಅವನು ಇಂಡಿ ಕಡೆಯವನು. ಪುಣೆಯ ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದ, ಮಾತಿಗೊಮ್ಮೆ ಸೀನುತ್ತಿದ್ದ. ನಾನು ಪಕ್ಕದ ಲಾರಿ ಕಚೇರಿಯಲ್ಲಿದ್ದೆ. ಬೆಳಿಗ್ಗೆ ಎಂಟಕ್ಕೆ ಲೋಕನಾಥ ಶೆಟ್ಟರ ಹೊಟೇಲಿನಲ್ಲಿ ಕೂಡುತ್ತಿದ್ದೆವು. ಅಲ್ಲಿಗೆ ಎರಡು ಮರಾಠಿ ಪತ್ರಿಕೆ ಬರುತ್ತಿದ್ದವು. ಒಂದು ನಾನಿದ್ದ ಪಕ್ಷದ ಪರ, ಇನ್ನೊಂದು ಎದುರು ಪಕ್ಷದ ಪರ. ನಮ್ಮೂರ ಕಡೆಯ ಹಮಾಲರಿಗೆ ಮರಾಠಿ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಅವ್ವಣ್ಣ ಮರಾಠಿ ಸಾಲುಗಳ ಮೇಲೆ ಕಣ್ಣಿಟ್ಟು ಬಾಯಲ್ಲಿ ನೇರವಾಗಿ ಕನ್ನಡ ಓದುತ್ತಿದ್ದ. ಒಂದೇ ಸುದ್ದಿಯನ್ನು ಮೊದಲು ಒಂದರಲ್ಲಿ, ಆಮೇಲೆ ಇನ್ನೊಂದರಲ್ಲಿ. ಯಾರಾದರೂ ನಡುವೆ ಎದ್ದರೆ, "ಕುಂದರ್ರಿ, ಒಂದ ಗಲ್ಲಾ ಬೋಳಿಸ್ಕೊಂಡು ಹೊಂಟ್ರ ಹೆಂಗ?" ಎನ್ನುತ್ತಿದ್ದ.

ತೊಂಬತ್ತೈದರ ಚುನಾವಣೆಯ ಹೊತ್ತಿಗೆ ನಾನು ಪೂರ್ತಿ ಪಕ್ಷದ ಮನುಷ್ಯನಾಗಿದ್ದೆ. ನಮ್ಮ ಸಭೆಗೆ ಅವನನ್ನೂ ಎಳೆದೊಯ್ದೆ. ಮರುದಿನ ನಮ್ಮ ಪತ್ರಿಕೆ ಹತ್ತು ಸಾವಿರ ಜನ ಎಂದು ಬರೆದಿತ್ತು. ಇನ್ನೊಂದು, ಒಂದು ಸಾವಿರ. ಅವ್ವಣ್ಣ ಎರಡನ್ನೂ ಓದಿದ.

"ನೀವ ಹೋಗಿದ್ರಲ್ಲಾ, ಖರೇ ಎಷ್ಟ ಮಂದಿ ಇದ್ರು?" ಎಂದು ಹಮಾಲನೊಬ್ಬ ಕೇಳಿದ.

"ಮಂದಿ ಎಣಿಸಲಿಲ್ರಿ. ಹಿಂದಿನ ಕುರ್ಚಿ ಮಾತ್ರ ಭಾಳ ಆರಾಮ ಇದ್ವು. ನಾ ಒಬ್ಬಾವನ ಮೂರರ ಮ್ಯಾಲೆ ಕಾಲ ಚಾಚಿದ್ದೆ."

ಹೊಟೇಲೆಲ್ಲ ನಕ್ಕಿತು. ಆ ಕುರ್ಚಿಗಳನ್ನು ಹಾಕಿಸಿದವನು ನಾನು.

ಸಂಜೆ ಲೋಕನಾಥರಿಗೆ ಹೇಳಿದೆ: "ಆ ಎದುರು ಪಾರ್ಟಿ ಪೇಪರ್ ನಾಳಿಂದ ಬಂದ್ ಮಾಡ್ರಿ. ಇಲ್ಲಾಂದ್ರ ನಮ್ಮ ಮಂದಿ ಎದುರಿನ ಹೊಟೇಲಿಗೆ ಹೋಗ್ತಾರ."

"ಅಯ್ಯೋ ಮಾರಾಯ್ರೆ, ಅವ್ವಣ್ಣನಿಗೆ ಏನು ಹೇಳುದು?" ಎಂದರು. ಆದರೂ ನಿಲ್ಲಿಸಿದರು.

ಅವ್ವಣ್ಣ ಜಗಳ ಮಾಡಲಿಲ್ಲ. ಒಂದು ವಾರ ಉಳಿದ ಪತ್ರಿಕೆಯನ್ನೇ ಓದಿದ. ಪ್ರತಿ ಸುದ್ದಿ ಮುಗಿದ ಮೇಲೆ, ಅದನ್ನೇ ಇನ್ನೊಂದು ಪತ್ರಿಕೆಯಲ್ಲಿ ಓದಲು ಹಿಡಿಯುವಷ್ಟು ಹೊತ್ತು ಸುಮ್ಮನೆ ಕೂಡುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಏನಲೇ, ನೀ ಆ ಪಾರ್ಟಿಯಾಂವೇನು?"

"ಅಲ್ಲೋ," ಎಂದು ಕನ್ನಡಕ ಮಡಚಿದ. ಮರುದಿನದಿಂದ ಬರಲಿಲ್ಲ.

ಆಮೇಲೆ ಎಂಟು ವರ್ಷ ದಾರಿಯಲ್ಲಿ ಸಿಕ್ಕಾಗ "ಆರಾಮ?" ಅಂದುಕೊಂಡೆವು, ಅಷ್ಟೇ. ಅವನ ಜಾಗದಲ್ಲಿ ನಾನು ಓದಲು ಕೂತೆ. ಕೇಳುವವರು ಒಬ್ಬೊಬ್ಬರಾಗಿ ಟಿವಿಯ ಕಡೆ ತಿರುಗಿದರು.

ಆ ಹನ್ನೊಂದನೆಯ ದಿನ ಅವನ ಅಂಗಡಿಯ ಮಾಲಕರು ಸಿಕ್ಕು "ನೀವು ಮಣ್ಣಿಗೆ ಬರಲೇ ಇಲ್ಲಲ್ರಿ?" ಎಂದಾಗ ಅವನ ಮನೆಗೆ ಓಡಿದೆ. ಹೆಂಡತಿ ಶಿವಗಂಗವ್ವ ಪತ್ರಿಕೆಯ ತುಣುಕೊಂದನ್ನು ನನ್ನ ಕೈಗಿಟ್ಟರು. ಅವನ ಫೋಟೊ, ಮಣ್ಣಿನ ವೇಳೆ. ನಾನು ನಿಲ್ಲಿಸಿದ ಆ ಪತ್ರಿಕೆ.

"ಮನೀಗೆ ಇದ ಬರ್ತದಲ್ರಿ, ಹುಡುಗ ಇದರಾಗ ಹಾಕಿಸಿದ. ಇವ್ರು ದಿನಾ ಎಂಟಕ್ಕ ಹೊಟೇಲಿಗೆ ಬರ್ತಿದ್ರಲ್ಲಾ, ಅಲ್ಲಿ ಎರಡೂ ಓದ್ತೀರಿ, ಎಲ್ಲಾರಿಗೂ ಗೊತ್ತಾಗ್ತದ ಅಂದೆ. ಹತ್ತಕ್ಕ ಎತ್ತೂದು ಅಂತ ಬರೆಸಿದ್ವಿ. ನಿಮ್ಮ ದಾರಿ ನೋಡಿ ಹನ್ನೆರಡರತನಕ ತಡದ್ವಿ."

ಅವನು ಮನೆಯಲ್ಲಿ ಏನೂ ಹೇಳಿರಲಿಲ್ಲ. ಎಂಟು ವರ್ಷ ದಿನವೂ ಎಂಟಕ್ಕೆ ಮನೆಯಿಂದ ಹೊರಟಿದ್ದ. ಆ ಹೊತ್ತನ್ನು ಎಲ್ಲಿ ಕಳೆದನೋ ನನಗೆ ಗೊತ್ತಿಲ್ಲ.

"ಊರಾಗ ಇರಲಿಲ್ಲ ವೈನಿ, ಶಿರೂರಿಗೆ ಹೋಗಿದ್ದೆ," ಎಂದೆ.

"ನಾನೂ ಹಂಗ ಅಂದೆ. ಇದ್ದಿದ್ರ ಬರದ ಇರ್ತಿದ್ರೇನು?" ಎಂದು ಒಳಗೆ ಹೋಗಿ ಚಹಕ್ಕಿಟ್ಟರು. ನಾನು ಕುಡಿದು ಬಂದೆ.

ನಾನು ಶಿರೂರಿಗೆ ಹೋಗಿರಲಿಲ್ಲ. ಮಣ್ಣಿನ ದಿನ ಬೆಳಿಗ್ಗೆ ಹೊಟೇಲಿನಲ್ಲಿ ಕೂತು ನಮ್ಮ ಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದಿದ್ದೆ. ವೈನಿಗೆ ಓದು ಬರುವುದಿಲ್ಲ. ಇಲ್ಲಿ ಬರೆದದ್ದನ್ನು ನಾನೇ ಹೋಗಿ ಅವರಿಗೆ ಓದಿ ಹೇಳಬೇಕು.