ಸೀಟಿ ಕೇಳಿ ಓಡಿದವರು

ಇದನ್ನು ಹೊತ್ತು ಕಳೆಯಲು ಓದುವವರು ಇಲ್ಲಿಗೇ ನಿಲ್ಲಿಸಿದರೂ ನನಗೆ ಬೇಸರವಿಲ್ಲ. ಶಹಾಬಾದದ ಹೊರಗಿನ ಕಲ್ಲಿನ ಖಣಿಯಲ್ಲಿ ಆ ರಾತ್ರಿ ನಾನಿದ್ದೆ. ಈ ಕಿವಿಯಾರೆ ಕೇಳಿದ್ದೇನೆ. ಆ ಮಾತು ಎತ್ತಿದರೆ ಈಗಲೂ ನನಗೆ ಹೆದರಿಕೆಗಿಂತ ಮೊದಲು ಹೇಸಿಗೆ ಬರುತ್ತದೆ.

ನಾನು ಅಲ್ಲಿ ಮುಕಾದಮ, ಕೂಲಿಯವರನ್ನು ನೋಡಿಕೊಳ್ಳುವವನು. ಮದ್ದು ಇಟ್ಟು ಬಂಡೆ ಸಿಡಿಸುವವನು ಮೆಹಬೂಬ್. ಅವನು ಉದ್ದಕ್ಕೆ ಮೂರು ಸಲ ಸೀಟಿ ಊದಿದನೆಂದರೆ ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ಶೆಡ್ಡಿಗೆ ಓಡಬೇಕು. ಸೀಟಿಯಾಗಿಯೂ ಮದ್ದು ಸಿಡಿಯದಿದ್ದರೆ ಅಪಾಯ ಇನ್ನೂ ಜಾಸ್ತಿ. ಒಂದು ತಾಸು ಯಾರೂ ಅತ್ತ ಹಾಯುವಂತಿಲ್ಲ.

ಅವತ್ತು ಸಂಜೆ ದೂರದಲ್ಲಿ ದೊಡ್ಡ ಸದ್ದಾಯಿತು. ವಾಡಿ ಕಡೆಯ ಸಿಮೆಂಟಿನ ಗಣಿಯಲ್ಲಿ ದಿನಾ ಆಗುವ ಸದ್ದು ಎಂದುಕೊಂಡೆವು. ಸ್ವಲ್ಪ ಹೊತ್ತಿಗೆ ಪಕ್ಕದ ಹಳೆಯ ಖಣಿಯಿಂದ ಸೀಟಿ ಬಂತು... ಮೂರು ಸಲ, ಉದ್ದಕ್ಕೆ.

ಮೆಹಬೂಬ್ ಅಲ್ಲಿ ಮದ್ದು ಹಚ್ಚುತ್ತಿದ್ದಾನೆ ಎಂದು ತಿಳಿದು ಎಲ್ಲರನ್ನೂ ಕೂಗಿ ಓಡಿಸಿದವನು ನಾನೇ. ಶೆಡ್ಡಿನಲ್ಲಿ ಕೂತೆವು. ಸಿಡಿಯಲಿಲ್ಲ. ಸೀಟಿ ಮಾತ್ರ ಮತ್ತೆ ಮತ್ತೆ ಬಂತು, ಒಮ್ಮೆ ಜೋರಾಗಿ, ಒಮ್ಮೆ ಸಣ್ಣಗೆ. ಹೊತ್ತು ಮುಳುಗಿತು, ಕೂಲಿಯವರು ಮನೆಗೆ ಹೋದರು.

ಆಗ ಮೆಹಬೂಬ್ ಬಂದ, ಊರಿನ ರಸ್ತೆಯಿಂದ.

“ಏನೋ, ಮದ್ದು ಹುಸಿ ಹೋಯ್ತೇನು?” ಎಂದೆ.

“ಯಾವ ಮದ್ದು ಅಣ್ಣಾ? ಮಧ್ಯಾಹ್ನದಿಂದ ನಾ ಊರಾಗ ಇದ್ದೆ. ದಂಡೋತಿ ಕಡೆ ತೊಗರಿ ಹೊಲದಾಗ ಮಿಲಿಟ್ರಿ ವಿಮಾನ ಬಿದ್ದದಂತ. ಹಾರ್ಸಾವ ಛತ್ರಿ ಕಟಗೊಂಡು ಮೊದ್ಲೇ ಜಿಗದಾನಂತ, ಎಲ್ಲಿ ಅದಾನೋ ಸಿಕ್ಕಿಲ್ಲ.”

ಅಷ್ಟರಲ್ಲಿ ಮತ್ತೆ ಸೀಟಿ ಕೇಳಿಸಿತು. ಅವನು ನನ್ನ ಮುಖ ನೋಡಿದ.

“ಅಣ್ಣಾ... ಇದು ಯಾರು ಊದ್ಲಿಕತ್ತಾರ?”

ಟಾರ್ಚ್ ಹಿಡಿದು ಓಡಿದೆವು. ಹಳೆಯ ಖಣಿಯ ತುಂಬ ನಿಂತ ನೀರು, ಪಾಚಿ ಕೊಳೆತ ನಾತ. ಎದುರಿನ ಗೋಡೆಯ ನಡುವೆ ಚಾಚಿದ ಹಾಸುಗಲ್ಲಿನ ಮೇಲೆ ವಿಮಾನದ ಆ ಹುಡುಗ ಬಿದ್ದಿದ್ದ, ಅಂಗಿಗೆ ಕಟ್ಟಿದ ಸೀಟಿ ಬಾಯಲ್ಲಿ. ಅವನ ಛತ್ರಿಯ ಬಟ್ಟೆ ಮೇಲಿನ ಅಂಚಿಗೆ ಸಿಕ್ಕಿ ಗಾಳಿಗೆ ಪಟಪಟ ಅನ್ನುತ್ತಿತ್ತು.

“ಸಾಹೇಬ್ರ, ಕೇಳ್ಸ್ತದೇನ್ರಿ? ಕೇಳ್ಸಿದ್ರ ಒಂದು ಸಲ ಊದ್ರಿ” ಎಂದು ಕೂಗಿದೆ.

ಒಂದು ಸೀಟಿ.

ಪೊಲೀಸರು ಬಂದರು, ಅಗ್ನಿಶಾಮಕದವರು ಬಂದರು. ಏಣಿ ಸಾಲಲಿಲ್ಲ. ಹಗ್ಗ ಬಿಡಲು ಅಂಚಿಗೆ ಕಾಲಿಟ್ಟರೆ ಪದರದ ಕಲ್ಲು ಜಾರಿ ಅವನ ಮೇಲೇ ಬೀಳುತ್ತಿತ್ತು. ಮೇಲಿನಿಂದ ಮನುಷ್ಯನನ್ನು ಇಳಿಸುವ ಹೆಲಿಕಾಪ್ಟರೇ ಬೇಕು, ಬೇರೆ ದಾರಿಯಿಲ್ಲ ಎಂದರು. ಎಂಟು ಗಂಟೆಗೆ ಫೋನಿನಲ್ಲಿ ವಾಯುಪಡೆಯ ಒಬ್ಬ ಅಧಿಕಾರಿ “ಬರುತ್ತಿದೆ” ಅಂದ. ಹತ್ತಕ್ಕೆ “ಪರವಾನಗಿ ಆಗಬೇಕು” ಅಂದ. ನಡುರಾತ್ರಿಗೆ ನಿಜ ಹೊರಬಿತ್ತು. ಅಂಥ ಹೆಲಿಕಾಪ್ಟರ್ ಹತ್ತಿರದಲ್ಲೆಲ್ಲೂ ಇಟ್ಟೇ ಇಲ್ಲ. ದೂರದಿಂದ ಬರಬೇಕು, ಬೆಳಗಾಗಬೇಕು.

ನಮ್ಮದು ಹರಕು ಖಣಿ. ಆದರೂ ಮದ್ದು ಹಚ್ಚುವ ಮೊದಲು, ಯಾರಿಗಾದರೂ ಪೆಟ್ಟಾದರೆ ಆಸ್ಪತ್ರೆಗೆ ಒಯ್ಯಲೆಂದು ಒಂದು ಜೀಪನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿರುತ್ತೇವೆ, ಡ್ರೈವರ್ ಒಳಗೇ ಕೂತಿರಬೇಕು. ವರ್ಷಗಟ್ಟಲೆ ಅದು ಸುಮ್ಮನೆ ನಿಂತಿದೆ. ಸುಮ್ಮನೆ ನಿಲ್ಲುವುದೇ ಅದರ ಕೆಲಸ. ದಿನಬೆಳಗಾದರೆ ಹುಡುಗರನ್ನು ಆಕಾಶಕ್ಕೆ ಬಿಡುವವರಿಗೆ ಇಷ್ಟು ತಿಳಿಯಬಾರದೇ? ಥೂ.

ಬಂದವರೆಲ್ಲ ಸೊಳ್ಳೆ ಕಾಟಕ್ಕೆ ರಸ್ತೆಯ ಮೇಲೆ ಗಾಡಿಯೊಳಗೆ ಗಾಜು ಏರಿಸಿಕೊಂಡು ಕೂತರು. ಅಂಚಿನಲ್ಲಿ ಉಳಿದವರು ನಾವಿಬ್ಬರೇ. ಕಾಲು ಮುರಿದಿದೆಯೇ ಎಂದರೆ ಒಂದು ಸೀಟಿ. ಚಳಿಯೇ ಎಂದರೆ ಒಂದು ಸೀಟಿ. ಮೆಹಬೂಬ್ ಅವನು ನಿದ್ದೆ ಹೋಗದಿರಲಿ ಎಂದು ತನ್ನ ಮದುವೆಯ ಫಜೀತಿಯನ್ನೆಲ್ಲ ಕೂಗಿ ಹೇಳಿದ. ಅದಕ್ಕೂ ಒಂದು ಸೀಟಿ ಬಂತು. ನಾವು ನಕ್ಕೆವು.

ನಾಲ್ಕರ ಸುಮಾರಿಗೆ ನಾನು, “ಇನ್ನೇನು ಬೆಳಗಾಯ್ತ್ರಿ ಸಾಹೇಬ್ರ, ಬರ್ತದ” ಎಂದೆ.

ಸೀಟಿ ಬಂತು. ಕೆಳಗಿನಿಂದಲ್ಲ... ನಮ್ಮ ಬೆನ್ನ ಹಿಂದಿನಿಂದ. ಕಿವಿಗೆ ಉಸಿರು ತಾಗುವಷ್ಟು ಹತ್ತಿರ. ಒದ್ದೆ ಬಟ್ಟೆಯ ವಾಸನೆ, ಪಾಚಿಯ ವಾಸನೆ.

ಮೆಹಬೂಬ್ ನನ್ನ ಮುಂಗೈ ಹಿಡಿದುಕೊಂಡ. “ತಿರುಗಬ್ಯಾಡ ಅಣ್ಣಾ” ಅಂದ, ತುಟಿಯಲ್ಲೇ.

ನಾವು ತಿರುಗಲಿಲ್ಲ. ಆಮೇಲೆ ಎಷ್ಟು ಕೂಗಿದರೂ ಯಾವ ಸದ್ದೂ ಬರಲಿಲ್ಲ.

ಬೆಳಗಾದ ಮೇಲೆ ಹೆಲಿಕಾಪ್ಟರ್ ಬಂತು. ಒಬ್ಬ ಹಗ್ಗದಲ್ಲಿ ಇಳಿದು ಹುಡುಗನನ್ನು ಎತ್ತಿಕೊಂಡು ಬಂದ. ಒಂದು ಚಹಾ ಕುಡಿಯುವಷ್ಟರಲ್ಲಿ ಕೆಲಸ ಮುಗಿದಿತ್ತು.

ಡಾಕ್ಟರ್ ಮೈ ಮುಟ್ಟಿ ನೋಡಿದರು. “ಮೈ ಪೂರಾ ಸೆಟದದ. ನಿನ್ನೆ ಹೊತ್ತು ಮುಳುಗೋದ್ರಾಗ ಜೀವ ಹೋಗ್ಯಾದ” ಎಂದರು.

“ಇಲ್ರಿ. ನಾಲ್ಕರ ತನಕ ನಾವು ಕೇಳಿದ್ದಕ್ಕೆಲ್ಲ ಸೀಟಿ ಊದ್ಯಾನ್ರಿ” ಎಂದೆ.

ಡಾಕ್ಟರ್ ನನ್ನನ್ನು ಮರುಕದಿಂದ ನೋಡಿದರು. ಪಕ್ಕದಲ್ಲಿದ್ದ ವಾಯುಪಡೆಯ ಅಧಿಕಾರಿ ಮಾತ್ರ ಡಾಕ್ಟರರ ಮಾತನ್ನು ಹಿಡಿದುಕೊಂಡ. “ಅಂದರೆ ರಾತ್ರಿಯೇ ಬಂದಿದ್ದರೂ ಉಪಯೋಗ ಇರಲಿಲ್ಲ, ಅಲ್ಲವೇ?” ಹಾಗೆ ಅಂದಾಗ ಅವನ ಮುಖ ಹಗುರಾಯಿತು. ಆ ಮುಖ ನೆನೆದರೆ ಇವತ್ತಿಗೂ ಅನ್ನ ಸೇರುವುದಿಲ್ಲ.

ಕೆಲವು ದಿನಗಳ ಮೇಲೆ ಹುಡುಗನ ತಂದೆ ಬಂದರು. ಬೆಳಗಾವಿ ಕಡೆಯವರು, ನಿವೃತ್ತ ಮಾಸ್ತರರು. ಶೆಡ್ಡಿನಲ್ಲಿ ನಮ್ಮೆದುರು ಕೂತರು.

“ಬಿದ್ದ ಕೂಡ್ಲೇ ಹೋದ, ಏನೂ ತ್ರಾಸ ಆಗಲಿಲ್ಲ ಅಂತ ಅಧಿಕಾರಿಗಳು ಹೇಳ್ಯಾರ. ಖರೇ ಏನ್ರಿ?”

ಮೆಹಬೂಬ್ ನೆಲ ನೋಡುತ್ತಿದ್ದ. ನನ್ನ ಬಾಯಿಗೆ ಆ ಅಧಿಕಾರಿಯ ಮಾತೇ ಬಂತು.

“ಖರೇರಿ ಸರ್. ಕೂಡ್ಲೇ ಹೋದ್ರು.”

ಅವರು ನನ್ನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ರಾತ್ರಿಯಿಡೀ ನಮಗೆ ಉತ್ತರ ಕೊಟ್ಟದ್ದು ಸತ್ತ ಹುಡುಗನೋ, ಕಾಯುತ್ತ ಕಾಯುತ್ತ ಸಾಯುತ್ತಿದ್ದ ಹುಡುಗನೋ ನನಗೆ ಇನ್ನೂ ಗೊತ್ತಿಲ್ಲ. ಅದು ದೆವ್ವವೇ ಆಗಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.